ಹೊಂಗೆ ಮರದ ಮೂಲೆಯ ನಿತ್ಯಪುಷ್ಪ

ಅವ್ವಾ,

ನೀನು ಮಲಗಿರುವ ಜಾಗ ಈಗ ಗೇಟಿನಿಂದಲೇ ಕಾಣುತ್ತದೆ. ಎರಡು ಕೆಂಪು ಕಣಗಿಲೆ ಗಿಡ, ಅವುಗಳ ನಡುವೆ ನೀನು. ಇದನ್ನೇ ಮೊದಲು ಹೇಳುತ್ತಿದ್ದೇನೆ, ಯಾಕೆಂದರೆ ನಿನ್ನ ವರ್ಷದ ದಿನ ಹಣ್ಣು ಕಾಯಿ ಹಿಡಿದುಕೊಂಡು ಬಂದ ನಾವು ನಿನ್ನನ್ನು ಹುಡುಕಬೇಕಾಗಿತ್ತು.

ಆವತ್ತು ಶ್ರಾವಣದ ಜಿಟಿಜಿಟಿ ಮಳೆ. ಹೊನ್ನಾಳಿಯಿಂದ ಮಂಜಣ್ಣ, ಅತ್ತಿಗೆ ಬಂದಿದ್ದರು. ನಾನು, ನಿನ್ನ ಅಳಿಯ ಇಬ್ಬರೂ ನ್ಯಾಮತಿಯಲ್ಲೇ ಇರುವವರು, ಆದರೂ ನಮಗೇ ದಾರಿ ಸಿಗಲಿಲ್ಲ. ರುದ್ರಭೂಮಿಯ ತುಂಬ ಎದೆಯುದ್ದ ಪಾರ್ಥೇನಿಯಂ ಕಳೆ, ನಡುವೆ ಬಳ್ಳಾರಿ ಜಾಲಿ, ಕಾಲಿಟ್ಟಲ್ಲೆಲ್ಲ ಒಡೆದ ಬಾಟಲಿ. ಅಣ್ಣ ಇಲ್ಲಿ ಎಂದ, ನಾನು ಅಲ್ಲಿ ಎಂದೆ. ಕೊನೆಗೆ ಒಂದು ದಿಬ್ಬದ ಮುಂದೆ ಊದಿನಕಡ್ಡಿ ಹಚ್ಚಿ ಕಾಯಿ ಒಡೆದೆವು. ಕೈ ಮುಗಿದು ನಿಂತಾಗ ಅತ್ತಿಗೆ ಮೆಲ್ಲಗೆ, "ಇದು ಅತ್ತೆಮ್ಮನ ಜಾಗ ಹೌದೋ ಅಲ್ವೋ," ಎಂದಳು. ಆಮೇಲೆ ನಿನ್ನ ಅಳಿಯನೇ ಕಳೆ ಸರಿಸುತ್ತ ಹೋಗಿ, ತಾನು ನಿನ್ನ ತಲೆಯ ಕಡೆ ನೆಟ್ಟಿದ್ದ ಇಟ್ಟಿಗೆಯನ್ನು ಪತ್ತೆ ಮಾಡಿದ. ನಾವು ಪೂಜೆ ಮಾಡಿದ್ದು ಬೇರೆ ಯಾರಿಗೋ. ಅವರಿಗೂ ಒಂದು ದಿನ ಕಾಯಿ ಒಡೆದವರು ಸಿಕ್ಕರಲ್ಲ ಎಂದುಕೊಂಡು ನಿನ್ನ ಹತ್ತಿರ ಬಂದೆವು. ನೀನಾಗಿದ್ದರೆ ನಗುತ್ತಿದ್ದೆ, ಅಲ್ಲವೇ?

ಅಣ್ಣನಿಗೆ ಮಾತ್ರ ನಗು ಬರಲಿಲ್ಲ. ವಾಪಸ್ ಬರುವಾಗ, "ಒಂದು ಗ್ರಾನೈಟ್ ಕಲ್ಲು ಹಾಕಿಸಿಬಿಡೋಣ. ಹೆಸರು ಕೆತ್ತಿಸಿದ್ರೆ ಗುರುತಾದ್ರೂ ಇರ್ತೈತೆ," ಎಂದ.

"ಕಲ್ಲು ಹಾಕಿದ್ರೆ ಕಲ್ಲಿನ ಸುತ್ತ ಕಳೆ ಬೆಳೀತೈತೆ ಅಷ್ಟೇ," ಎಂದೆ. "ನಾನು ಹೂವಿನ ಗಿಡ ಹಚ್ತೀನಿ."

"ಅಷ್ಟು ಜಾಗಕ್ಕೆ ಗಿಡ, ಗೊಬ್ಬರ, ನೀರು. ನಿನ್ನ ಹತ್ರ ಏನೈತೆ?"

"ಏನೂ ಇಲ್ಲ. ಹಂಗೇ ಮಾಡ್ತೀನಿ."

ಅವನಿಗೆ ಇದು ಹಟದ ಮಾತಿನಂತೆ ಕೇಳಿಸಿತು. ನನಗೆ ಗೊತ್ತಿತ್ತು, ಆಗುತ್ತದೆ ಎಂದು. ಶಾಲೆಯ ಬಿಸಿಯೂಟದ ಕೆಲಸದಲ್ಲಿ ಬರುವುದು ಮನೆಗೇ ಸಾಲದು, ಅದರಲ್ಲಿ ನರ್ಸರಿ ಗಿಡ ಕೊಳ್ಳುವ ಮಾತೇ ಇಲ್ಲ. ಆದರೆ ಹೂವಿನ ಗಿಡಕ್ಕೆ ದುಡ್ಡು ಕೊಡುವವರನ್ನು ನಮ್ಮ ಮನೆಯಲ್ಲಿ ನಾನು ನೋಡಿದ್ದು ಯಾವಾಗ?

ಸಾಲುಮನೆಯ ಕಟ್ಟೆ ಮೇಲೆ ನೀನು ಡಾಲ್ಡಾ ಡಬ್ಬಿಗಳಲ್ಲಿ ಕನಕಾಂಬರ ಬೆಳೆಸುತ್ತಿದ್ದೆ, ನೆನಪಿದೆಯಾ? ಒಣಗಿದ ಅದರ ಕಾಯಿಗಳನ್ನು ನಾನೂ ಅಣ್ಣನೂ ನೀರಿನ ತಟ್ಟೆಗೆ ಹಾಕಿ, ಅವು ಚಟ್ ಚಟ್ ಎಂದು ಸಿಡಿಯುವುದನ್ನು ಕಾಯುತ್ತ ಕೂರುತ್ತಿದ್ದೆವು. ಸಿಡಿದ ಬೀಜವನ್ನು ನೀನು ನೆಲದಿಂದ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದೆ. ನೆಂಟರ ಮನೆಗೆ ಹೋದರೂ ಅಷ್ಟೇ. ತ್ಯಾವಣಿಗೆಯ ಚಿಕ್ಕಮ್ಮನ ಮನೆಯಿಂದ ಬಸ್ಸು ಹತ್ತುವಾಗ ನಿನ್ನ ಕೈಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ಕಡ್ಡಿ ಇದ್ದೇ ಇರುತ್ತಿತ್ತು. ಕೇಳಿ ತಂದದ್ದೋ, ಕೇಳದೆ ಮುರಿದದ್ದೋ...

ಹಾಗಾಗಿ ಮೊದಲ ಕೆಲಸಕ್ಕೆ ಯೋಚಿಸಬೇಕಾಗಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಖಾಲಿಯಾದ ಎಣ್ಣೆ ಪ್ಯಾಕೆಟ್‌ಗಳನ್ನು ಮುಖ್ಯ ಮೇಡಂ ಅವರನ್ನು ಕೇಳಿ ತಂದು, ಬೂದಿ ಹಾಕಿ ತೊಳೆದು, ತಳಕ್ಕೆ ದಬ್ಬಣದಿಂದ ತೂತು ಮಾಡಿ ಮಣ್ಣು ತುಂಬಿದೆ. ಸಾಲುಮನೆಯವರಿಂದ ದಾಸವಾಳದ ಕಡ್ಡಿ, ಗುಲಾಬಿ ಕಡ್ಡಿ ಬಂತು. ಏನಕ್ಕೆ ಎಂದು ಕೇಳಿದವರಿಗೆ ನಿಜವನ್ನೇ ಹೇಳಿದೆ. ಕೆಲವರು ಕತ್ತರಿಸಿ ಕೊಟ್ಟರು. ಕೆಲವರು, "ಸುಡುಗಾಡಿಗಾ? ನಮ್ಮ ಮನೆ ಗಿಡಾನ?" ಎಂದು ಬಾಗಿಲು ಮುಂದೆ ಮಾಡಿಕೊಂಡರು. ಕೊಟ್ಟವರದ್ದೇ ಸಾಕಾಗಿತ್ತು.

ಭಾನುವಾರಗಳಲ್ಲಿ ನಿನ್ನ ಅಳಿಯ ಕಳೆ ಕೊಚ್ಚಿದ, ನಾನು ಬಾಟಲಿ ಚೂರು ಆರಿಸಿದೆ. ಅವನ ಗೂಡ್ಸ್ ಆಟೋ ಚನ್ನಗಿರಿ ಕಡೆಗೆ ಬಾಡಿಗೆಗೆ ಹೋದಾಗಲೆಲ್ಲ ಬರುವಾಗ ಖಾಲಿ ಬರುತ್ತದಲ್ಲ, ಉಬ್ರಾಣಿಯ ರಸ್ತೆ ಬದಿಯಲ್ಲಿ ರಾಶಿ ಬಿದ್ದು ಕಪ್ಪಗಾದ ಹಳೆಯ ಅಡಿಕೆ ಸಿಪ್ಪೆಯನ್ನು ತುಂಬಿಕೊಂಡು ಬರಲು ಹೇಳಿದೆ. ತೆಗೆದುಕೊಂಡು ಹೋದರೆ ಪುಣ್ಯ ಎನ್ನುತ್ತಾರೆ ಅಲ್ಲಿಯವರು. ಗಿಡದ ಬುಡಕ್ಕೆ ಅದನ್ನು ಮುಚ್ಚಿದರೆ ಒಮ್ಮೆ ಹಾಕಿದ ನೀರು ಬೇಗ ಆರುವುದಿಲ್ಲ.

ನೀರೂ ಅಲ್ಲೇ ಇತ್ತು, ಯಾರೂ ನೋಡಿರಲಿಲ್ಲ ಅಷ್ಟೇ. ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯಲು ಗೇಟಿನ ಹತ್ತಿರ ಒಂದು ನಲ್ಲಿ, ಒಂದು ತೊಟ್ಟಿ ಇದೆ. ತೊಳೆದ ನೀರೆಲ್ಲ ಹರಿದು ರಸ್ತೆ ಕೆಸರಾಗುತ್ತಿತ್ತು. ಗುದ್ದಲಿಯಿಂದ ಒಂದು ಸಣ್ಣ ಕಾಲುವೆ ಎಳೆದು ಅದನ್ನು ಒಳಗೆ ತಿರುಗಿಸಿದೆ.

ಎಲ್ಲ ಸರಿಯಾಯಿತು ಎಂದುಕೊಂಡು ಒಂದು ಬೆಳಿಗ್ಗೆ ಹೋದರೆ ದಾಸವಾಳವಿಲ್ಲ, ಗುಲಾಬಿಯಿಲ್ಲ. ಮೋಟು ಕಡ್ಡಿಗಳ ನಡುವೆ ಆಡಿನ ಹಿಕ್ಕೆ. ಆವತ್ತು ನಿನ್ನ ಪಕ್ಕ ಕೂತು ಅತ್ತುಬಿಟ್ಟೆ ಅವ್ವಾ, ಅದು ನಿನಗೆ ಗೊತ್ತಿರುತ್ತದೆ. ಆದರೆ ಬಹಳ ಹೊತ್ತು ಅಲ್ಲ. ಮನೆಗೆ ಬಂದು ಅತ್ತಿಗೆಗೆ ಫೋನ್ ಮಾಡಿದೆ. ಅವಳು ಜಗಳೂರಿನ ಹುಡುಗಿ, ಮಳೆ ಬರುತ್ತದೆ ಎಂದು ನಂಬಿ ಯಾವುದನ್ನೂ ಮಾಡಿದವಳಲ್ಲ.

"ನೀನು ಆಡು ತಿನ್ನೋದನ್ನೇ ಹಚ್ಚಿ ಆಡಿಗೆ ಬೈತೀಯ," ಎಂದಳು. "ಕಣಗಿಲೆಗೆ ಬಾಯಿ ಹಾಕಲ್ಲ. ನಿತ್ಯಪುಷ್ಪಕ್ಕೆ ಹಾಕಲ್ಲ. ನಮ್ಮೂರಾಗೆ ನೀರಿಲ್ಲದ ಕಡೆ ಬರೋ ಹೂವು ಅವೆರಡೇ. ಮೊದಲು ಅವನ್ನ ಬೇಲಿ ಥರ ಹಚ್ಚು. ನಿನ್ನ ಚೆಂಡು ಹೂವು, ಶೋಕಿ ಹೂವು ಎಲ್ಲ ಒಳಗೆ."

ತವರಿಗೆ ಹೋಗಿ ಬರುವಾಗ ಒಂದು ಪೊಟ್ಟಣ ನಿತ್ಯಪುಷ್ಪದ ಬೀಜ, ಒಂದು ಹೊರೆ ಕಣಗಿಲೆ ಕಡ್ಡಿ ಬಸ್ಸಿನಲ್ಲಿ ಹೇರಿಕೊಂಡು ಬಂದಳು. ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯುತ್ತೇನೆ ಎಂದಿದ್ದಕ್ಕೆ, "ಸತ್ತ ಅತ್ತೆಗೆ ಒಯ್ತಾ ಇದೀನಿ, ಹರೀರಿ," ಎಂದಳಂತೆ. ಅವನು ಮುಂದೆ ಹೋದನಂತೆ. ನೀನು ಬದುಕಿದ್ದಾಗ ಈ ಹುಡುಗಿ ಮಾತು ಕಮ್ಮಿ ಎನ್ನುತ್ತಿದ್ದೆ. ಈಗ ಬಂದು ಕೇಳಬೇಕು ನೀನು.

ಆಯುಧ ಪೂಜೆ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಸುತ್ತ ಅಂಗಡಿ, ಆಟೋ, ಟ್ರ್ಯಾಕ್ಟರುಗಳಲ್ಲಿ ಒಣಗಿ ಜೋತಾಡುತ್ತಿದ್ದ ಚೆಂಡು ಹೂವಿನ ಹಾರಗಳನ್ನು ಚೀಲ ಹಿಡಿದು ಕೇಳಿ ತಂದೆ. ಹೂವು ಬಿಡಿಸಿದರೆ ಒಳಗೆಲ್ಲ ಬೀಜ. ಕಡಿದ ಜಾಲಿ ಮುಳ್ಳು ಬೇಲಿಯಾಯಿತು, ಬೇಲಿಯ ಬುಡಕ್ಕೆ ಕಣಗಿಲೆ, ಒಳಗೆ ಚೆಂಡು ಹೂವು. ಸಂಕ್ರಾಂತಿ ಹೊತ್ತಿಗೆ ನಿನ್ನ ಸುತ್ತ ಹಳದಿಯೋ ಹಳದಿ. ಇನ್ನೊಂದು ಸಂಗತಿ ಆಗ ಗಮನಕ್ಕೆ ಬಂತು. ನಮ್ಮ ಸಾಲಿನಲ್ಲಿ ಬೆಳಕು ಹರಿಯುವ ಮುಂಚೆ ಯಾರ ಗಿಡದ ಹೂವು ಯಾರ ದೇವರ ತಲೆ ಮೇಲೋ. ಇಲ್ಲಿ ಒಂದನ್ನೂ ಯಾರೂ ಕೀಳುವುದಿಲ್ಲ. ಅರಳಿದ ಹೂವು ಗಿಡದಲ್ಲೇ ಇದ್ದು, ಗಿಡದಲ್ಲೇ ಒಣಗಿ, ಅಲ್ಲೇ ಬೀಜ ಉದುರಿಸುತ್ತದೆ. ಜೇನು ಹುಳಕ್ಕೆ ಹಬ್ಬ. ಎರಡನೇ ಸಲಕ್ಕೆ ನಾನು ಬಿತ್ತುವ ಕೆಲಸವೇ ಅರ್ಧವಾಯಿತು.

ಇಷ್ಟೆಲ್ಲದಕ್ಕೆ ಗುರುಸಿದ್ದಪ್ಪ ಮಾವ ಅಡ್ಡಿ ಮಾಡಿರಲಿಲ್ಲ. ಅಪ್ಪನ ಜೊತೆಗಾರ, ಈಗ ರುದ್ರಭೂಮಿಯ ಉಸ್ತುವಾರಿ ನೋಡಿಕೊಳ್ಳುವವರು. ಶುರುವಿನಲ್ಲಿ ಕೇಳಲು ಹೋದಾಗ ಒಂದೇ ಮಾತು ಹೇಳಿದ್ದರು. "ಗೇಟಿನ ಕಡೆ, ನಿಮ್ಮವ್ವನ ಕಡೆ ಏನ್ ಬೇಕಾದ್ರೂ ಹಚ್ಚವ್ವ. ಹಿಂದಿನ ಮೂಲಿಗೆ ಹೋಗಬ್ಯಾಡ." ಯಾಕೆ ಎಂದರೆ, "ಬ್ಯಾಡ ಅಂದ್ನಲ್ಲ," ಅಷ್ಟೇ. ಹಿರಿಯರಿಗೆ ಎಲ್ಲಾದರೂ ಒಂದು ಕಡೆ ಬೇಡ ಎನ್ನಲೇಬೇಕು ಎಂದುಕೊಂಡು ಸುಮ್ಮನಾಗಿದ್ದೆ.

ಯುಗಾದಿ ಕಳೆದ ಮೇಲೆ ಬಿಸಿಲು ಏರಿತು. ಎಣ್ಣೆ ಪ್ಯಾಕೆಟ್‌ಗಳಲ್ಲಿ ಬೇರು ಬಿಟ್ಟ ಮಲ್ಲಿಗೆ ಬಳ್ಳಿಗಳಿದ್ದವು. ಅವಕ್ಕೆ ಅರೆನೆರಳು ಬೇಕು. ಇಡೀ ಜಾಗದಲ್ಲಿ ನೆರಳೆಂದರೆ ಹಿಂದಿನ ಮೂಲೆಯ ದೊಡ್ಡ ಹೊಂಗೆ ಮರವೊಂದೇ. ಬುಡದಲ್ಲಿ ಎಲೆ ಕೊಳೆತು ಮಣ್ಣು ಮೆತ್ತಗಿತ್ತು, ಒಂದು ಕಲ್ಲಿಲ್ಲ, ಒಂದು ದಿಬ್ಬವಿಲ್ಲ. ಖಾಲಿ ಜಾಗ ಎಂದುಕೊಂಡು ಹಾರೆ ಎತ್ತಿದೆ. ಗೇಟಿನಲ್ಲಿ ಮಾವನ ಮೊಪೆಡ್ ನಿಂತ ಸದ್ದಾಯಿತು. ಆ ವಯಸ್ಸಿನಲ್ಲಿ ಅವರು ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ.

"ಶಶೀ, ಹಾರೆ ಕೆಳಗಿಡು."

ಇಟ್ಟೆ. ಏದುಸಿರು ಬಿಡುತ್ತ ಮರಕ್ಕೆ ಕೈ ಕೊಟ್ಟು ನಿಂತರು.

"ಇಲ್ಲಿ ಕೂಸುಗಳಿದಾವೆ ಕಣವ್ವ," ಎಂದರು. "ಹಸುಗೂಸುಗಳನ್ನ ಇಲ್ಲೇ ಇಡೋದು. ಕಲ್ಲು ಹಾಕಲ್ಲ, ಗುರುತು ಮಾಡಲ್ಲ. ಹೆತ್ತೋಳನ್ನೂ ಕರ್ಕಂಡು ಬರಲ್ಲ. ಎಲ್ಲಿ ಅಗೆದ್ರೆ ಎಲ್ಲಿ ತಗಲ್ತೈತೋ ಯಾರಿಗೆ ಗೊತ್ತು."

ನಾನು ಹೆಜ್ಜೆ ಹಿಂದಕ್ಕಿಟ್ಟೆ. ನನ್ನ ಕಾಲ ಕೆಳಗಿನ ಮಣ್ಣನ್ನು ನೋಡಲೂ ಅಂಜಿಕೆಯಾಯಿತು. ಅವರೇ ಮುಂದುವರಿಸಿದರು: "ನಿಮ್ಮವ್ವನ ಚೊಚ್ಚಲು ಕೂಸೂ ಇಲ್ಲೇ ಐತೆ. ಹೆಣ್ಣು. ನಾನು, ನಿಮ್ಮಪ್ಪ ಇಬ್ಬರೇ ತಂದಿದ್ವಿ."

ನನಗೆ ನೆನಪಾದದ್ದು ಜನಗಣತಿಯವರು ಮನೆಗೆ ಬಂದ ದಿನ. ಎಷ್ಟು ಹೆತ್ತಿದ್ದೀರಮ್ಮ ಎಂದು ಕೇಳಿದಾಗ ನೀನು "ಮೂರು" ಎಂದೆ, ಕೂಡಲೇ ಒಲೆಯ ಕಡೆ ತಿರುಗಿ, "ಎರಡು ಬರ್ಕಳ್ರಿ," ಎಂದೆ. ನಾನು ಆಮೇಲೆ ಕೇಳಿದ್ದಕ್ಕೆ ಹಾಲು ಉಕ್ಕುತ್ತಿದೆ ನೋಡು ಎಂದು ಒಳಗೆ ಕಳಿಸಿದೆ. ಎಷ್ಟೋ ವರ್ಷಗಳ ಮೇಲೆ, ನಿನ್ನ ಕೊನೆಯ ಕಾಯಿಲೆಯಲ್ಲಿ, ನಾನು ಗಂಜಿ ಕುಡಿಸುವಾಗ ನೀನಾಗಿಯೇ ಆ ಕೂಸಿನ ಬಗ್ಗೆ ಬಾಯಿ ಬಿಟ್ಟೆ. ಇಷ್ಟು ಮಾತ್ರ. "ಅವತ್ತು ನಿಮ್ಮಪ್ಪ ಬಂದು ಕೈಕಾಲು ತೊಳೆದು ಕೂತು ಉಂಡ. ಎಲ್ಲಿ ಇಟ್ಟು ಬಂದೆ ಅಂತ ಒಂದು ಮಾತು ಹೇಳಲಿಲ್ಲ." ಅಪ್ಪ ಹೋಗಿ ಆಗಲೇ ಬಹಳ ಕಾಲವಾಗಿತ್ತು. ಆದರೂ ಆ ಊಟಕ್ಕೆ ನೀನು ಅವನನ್ನು ಕ್ಷಮಿಸಿರಲಿಲ್ಲ.

ಇದನ್ನು ಮಾವನಿಗೆ ಹೇಳಿದೆ. ಹೇಳಬಾರದಿತ್ತೇನೋ, ಆದರೆ ಆ ಮರದ ಕೆಳಗೆ ನಿಂತು ಮುಚ್ಚಿಡಲು ನನ್ನಿಂದ ಆಗಲಿಲ್ಲ.

"ಉಂಡ, ಹೌದು," ಎಂದರು. "ನಿಮ್ಮಜ್ಜಿ ತಟ್ಟೆ ಮುಂದಿಟ್ಟು, ನೀನು ಉಣ್ಣದಿದ್ರೆ ಬಾಣಂತಿನೂ ಬಾಯಿಗೆ ನೀರು ಹಾಕ್ಕಳಲ್ಲ, ಅವಳಾದ್ರೂ ಉಳೀಲಿ ಅಂದ್ಲು. ಉಂಡ. ಆಮೇಲೆ ಹಿತ್ತಲಿಗೆ ಹೋಗಿ ಅಷ್ಟನ್ನೂ ಕಾರಿಕೊಂಡ. ನಾನು ನೀರು ತಂದುಕೊಟ್ಟೆ. ಮಳೆ ಹಿಡಿದ ಮೇಲೆ ಒಂದು ಹೊಂಗೆ ಸಸಿ ಎಲ್ಲಿಂದಲೋ ಕಿತ್ತು ತಂದು ಇಲ್ಲಿ ಹಚ್ಚಿದ. ಬೇಸಿಗೇಲಿ ಕೊಡ ಹೊತ್ತು ನೀರು ಹಾಕಿದ. ಮನೇಲಿ ಹೇಳೋ ಮಾರಾಯ ಅಂದ್ರೆ, ಅವಳು ಇತ್ತ ಕಡೆ ಓಡಿ ಬಂದ್ರೆ ನಾನು ಹೆಂಗೆ ಹಿಡೀಲಿ ಅಂದ."

ತಲೆ ಎತ್ತಿ ನೋಡಿದೆ ಅವ್ವಾ. ಕೊಂಬೆ ತುಂಬ ತಿಳಿ ನೇರಳೆ ಹೂವು, ಕೆಳಗೆ ನಾವು ನಿಂತಲ್ಲೆಲ್ಲ ಅದೇ ಉದುರಿತ್ತು. ಅಷ್ಟು ದೊಡ್ಡ ಮರವನ್ನು ನೀನು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿರಬಹುದು? ಹೊನ್ನಾಳಿಗೆ ಹೋಗುವಾಗ, ಬರುವಾಗ... ಯಾರ ಕೈ ಹಚ್ಚಿದ ಮರ ಎಂದು ಗೊತ್ತಿಲ್ಲದೆ.

ಆ ಮೂಲೆಯಲ್ಲಿ ನಾನು ಅಗೆಯಲಿಲ್ಲ. ಮಲ್ಲಿಗೆಯನ್ನು ತಂದು ಗೇಟಿನ ಕಂಬಕ್ಕೆ ಹಬ್ಬಿಸಿದೆ. ಆದರೆ ಆ ಜಾಗವನ್ನು ಬರಿದಾಗಿ ಬಿಡಲು ಮನಸ್ಸು ಬರಲಿಲ್ಲ. ಮತ್ತೆ ಅತ್ತಿಗೆಯೇ ದಾರಿ ಹೇಳಿದಳು. ನಿತ್ಯಪುಷ್ಪಕ್ಕೆ ಗುಣಿ ಬೇಡ, ಮಡಿ ಬೇಡ. ಎಳೆ ಕೊಂಬಿನಂಥ ಕಾಯಿ ಒಣಗಿ ಸಿಡಿಯುವ ಮುಂಚೆ ಬೀಜ ತೆಗೆದಿಟ್ಟುಕೊಂಡು, ಮಳೆ ಬೀಳುವ ಹೊತ್ತಿಗೆ ಗೊಬ್ಬರದ ಪುಡಿಯಲ್ಲಿ ಕಲಸಿ ಎರಚಿದರೆ ಸಾಕು. ಕೊಳೆತ ಅಡಿಕೆ ಸಿಪ್ಪೆಯನ್ನು ಜರಡಿ ಹಿಡಿದೆ. ಗುರುಸಿದ್ದಪ್ಪ ಮಾವ ಚಪ್ಪಲಿ ಬಿಟ್ಟು ಬಂದು, ಎಲ್ಲಿಂದ ಎಲ್ಲಿಯವರೆಗೆ ಎಂದು ಕೈ ತೋರಿಸುತ್ತ ಅಂಚಿನಲ್ಲಿ ನಡೆದರು. ನಾನು ಮೊರದಿಂದ ಎರಚುತ್ತ ಹೋದೆ. ಮಾರನೇ ದಿನ ಮುಂಗಾರಿನ ಮೊದಲ ಮಳೆ.

ಅರ್ಧ ಬೀಜ ಇರುವೆ ಪಾಲಾಯಿತು. ಮತ್ತೆ ಎರಚಿದೆ. ಈ ಶ್ರಾವಣದಲ್ಲಿ ನಿನ್ನ ಎರಡನೇ ವರ್ಷಕ್ಕೆ ಅಣ್ಣ ಬಂದಾಗ ಮೊದಲು ಆ ಮೂಲೆಗೆ ಕರೆದುಕೊಂಡು ಹೋದೆ. ಮೊಣಕಾಲೆತ್ತರದ ಗಿಡಗಳು, ಮರದ ಬುಡದಿಂದ ಗೋಡೆಯವರೆಗೂ ಗುಲಾಬಿ ಬಣ್ಣ, ಬಿಳಿ. "ಇಲ್ಲಿ ನಮ್ಮ ಅಕ್ಕ ಇದಾಳೆ," ಎಂದು ಹೇಳಿದೆ. ಅವನು ಚಪ್ಪಲಿ ಬಿಟ್ಟು ಗಿಡಗಳ ಅಂಚಿನಲ್ಲಿ ಕೂತುಬಿಟ್ಟ. ಗ್ರಾನೈಟ್ ವಿಷಯ ಆಮೇಲೆ ಅವನು ಎತ್ತಿಲ್ಲ. ಮರುವಾರ ಅವನ ಹಾರ್ಡ್‌ವೇರ್ ಅಂಗಡಿಯಲ್ಲಿ ಮಾರಾಟವಾಗದೆ ಉಳಿದಿದ್ದ ಪೈಪಿನ ತುಂಡುಗಳನ್ನೆಲ್ಲ ಕೂಡಿಸಿ ತಂದು, ಗೇಟಿನ ನಲ್ಲಿಯಿಂದ ಹೊಂಗೆ ಮರದವರೆಗೆ ಅವನೇ ಕೂತು ಜೋಡಿಸಿ ಹೋದ. ಈಗ ನಾನು ಕೊಡ ಹೊರುವುದಿಲ್ಲ.

ಮೊನ್ನೆ ಕಾರ್ತಿಕದ ಸೋಮವಾರ ಬೆಳಿಗ್ಗೆ ಪಾರ್ವತಕ್ಕ ನಮ್ಮ ಬಾಗಿಲಿಗೆ ಬಂದಳು. ನಿನ್ನ ಪಾರ್ವತಿಯೇ, ಸಾಲುಮನೆಯ ಪಕ್ಕದ ಬಾಗಿಲವಳು. ನಲ್ಲಿ ನೀರಿಗೆ ನಿನ್ನ ಜೊತೆ ಜಗಳ ಆಡಿ, ಮಧ್ಯಾಹ್ನ ಸಾರು ತಂದುಕೊಡುತ್ತಿದ್ದವಳು. ಈಗ ಕೋಲು ಹಿಡಿದು ನಡೆಯುತ್ತಾಳೆ. "ನೀನು ದಿನಾ ಆ ಕಡೆ ಹೋಗ್ತೀಯಲ್ಲ, ಇವತ್ತು ನನ್ನೂ ಕರ್ಕಂಡು ಹೋಗು," ಎಂದಳು. ನಿನ್ನನ್ನು ನೋಡಲು ಎಂದುಕೊಂಡೆ. ಆಟೋದಲ್ಲಿ ಮುಂದೆ ಕೂರಿಸಿಕೊಂಡು ಹೋದೆವು. ನಿನ್ನ ಹತ್ತಿರ ಬಂದಳು, ಕೈ ಮುಗಿದಳು, ಕಣಗಿಲೆ ಚೆನ್ನಾಗಿ ಬಂದಿದೆ ಎಂದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು: "ಕೂಸುಗಳದ್ದು ಯಾವ ಕಡೆ?"

ನೀನು ಅವಳ ಬಗ್ಗೆ ಏನು ಹೇಳುತ್ತಿದ್ದೆ, ನೆನಪಿದೆಯಾ? "ಪಾರ್ವತಿಗೇನು, ಹೆತ್ತಿದ್ದನ್ನೆಲ್ಲ ಉಳಿಸಿಕೊಂಡೋಳು." ನಮ್ಮ ಸಾಲಿಗೆ ಬರುವ ಮುಂಚೆ, ಪೇಟೆ ಬೀದಿಯಲ್ಲಿದ್ದಾಗ, ಅವಳಿಗೂ ಒಂದು ಹೋಗಿತ್ತಂತೆ. ಹೆಸರಿಡುವ ಮುಂಚೆ. ಎಲ್ಲಿ ಇಟ್ಟರು ಎಂದು ಅವಳಿಗೂ ಯಾರೂ ಹೇಳಿರಲಿಲ್ಲ. ಗುರುಸಿದ್ದಪ್ಪ ಮಾವನ ಸೊಸೆಯ ಬಾಯಿಂದ ಈ ಮೂಲೆಯ ಸುದ್ದಿ ತಿಳಿದು ಬಂದಿದ್ದಳು. ಒಂದೇ ಗೋಡೆಯ ಆಚೆಗೊಬ್ಬಳು, ಈಚೆಗೊಬ್ಬಳು ಅಷ್ಟು ವರ್ಷ ಬದುಕಿದಿರಿ. ಉಪ್ಪು, ಹುಣಸೆಹಣ್ಣು, ಹೆಪ್ಪಿಗೆ ಮಜ್ಜಿಗೆ, ಎಲ್ಲವನ್ನೂ ಒಬ್ಬರಿಗೊಬ್ಬರು ಕೇಳಿದಿರಿ. ಇದೊಂದನ್ನು...

ನಿತ್ಯಪುಷ್ಪದ ಅಂಚಿನಲ್ಲಿ ಅವಳನ್ನು ಕೂರಿಸಿದೆ. ಕೋಲು ಪಕ್ಕಕ್ಕಿಟ್ಟು, ಕೈಗೆ ಎಟಕಿದಷ್ಟು ಗಿಡಗಳ ಮೇಲೆ ಅಂಗೈ ಆಡಿಸಿದಳು. ಹೂವು ಕೀಳಲಿಲ್ಲ. ಅಳಲೂ ಇಲ್ಲ. ಬಿಸಿಲು ನೆತ್ತಿಗೆ ಬಂದ ಮೇಲೆ, ಹೋಗೋಣವಾ ಎಂದು ಕೇಳಿದೆ.

"ಇನ್ನೊಂದು ಗಳಿಗೆ ಕೂತ್ಕಂತೀನಿ," ಎಂದಳು. ಎದ್ದು ಹೊರಡುವಾಗ ನಿನ್ನ ಮುಂದೆ ಮತ್ತೆ ನಿಂತಳು. "ಇವಳಿಗೆ ಗೊತ್ತಿದ್ರೆ ಇಬ್ರೂ ಕೂಡಿ ಬರ್ತಿದ್ವಿ ಕಣೇ. ನಿಮ್ಮವ್ವಗೆ ಹೇಳು, ನಾನು ಬಂದಿದ್ದೆ ಅಂತ."

ಅದಕ್ಕೇ ಬರೆಯುತ್ತಿದ್ದೇನೆ ಅವ್ವಾ. ಇನ್ನು ಪ್ರತಿ ಸೋಮವಾರ ಪಾರ್ವತಕ್ಕನನ್ನು ಕರೆತರುತ್ತೇನೆ. ಬರಬೇಕೆನ್ನುವವರು ಬೇರೆ ಯಾರಿದ್ದರೂ ಗೇಟು ತೆರೆದೇ ಇರುತ್ತದೆ, ಗುರುಸಿದ್ದಪ್ಪ ಮಾವ ಒಪ್ಪಿದ್ದಾರೆ. ಅವಳದು ಗಂಡು ಕೂಸಂತೆ. ನಿನ್ನದು ಹೆಣ್ಣು ಎಂದು ನಾನು ಅವಳಿಗೆ ಹೇಳಿದ್ದೇನೆ.

ನಿನ್ನ
ಶಶಿ